ಶುಂಠಿ ಕೀಳೋ ಮನೇಲಿ ಉಗುರು ಬೆಳೆಸೋದು

ನನ್ನ ಬಲಗೈ ನೋಡಿ ಮುಖ ಸಿಂಡರಿಸ್ಕೊಳ್ಳೋರು ಇವತ್ತಿಗೂ ಇದಾರೆ. ಮೊನ್ನೆ ಹಾಸನದ ಬಸ್ ಸ್ಟ್ಯಾಂಡಲ್ಲಿ ಕಂಡಕ್ಟರ್ ಚಿಲ್ಲರೆ ಕೊಡ್ತಾ, "ಏನ್ ಸಾ, ಎಡಗೈ ಉಗುರು ಕತ್ತರಿಸ್ಕಂಡು ಬಲಗೈದು ಮರ್ತ್‌ಬುಟ್ರಾ?" ಅಂದ. ಮರ್ತಿಲ್ಲ ಕಣಪ್ಪಾ, ಅದು ನನ್ನ ಅನ್ನ. ಕ್ಲಾಸಿಕಲ್ ಗಿಟಾರ್ ನುಡಿಸೋರು ಬಲಗೈ ಉಗುರಲ್ಲೇ ತಂತಿ ಮೀಟೋದು. ಎಡಗೈಲಿ ತಂತಿ ಒತ್ತಬೇಕು, ಅಲ್ಲಿ ಉಗುರಿದ್ರೆ ಕೆಲಸ ಕೆಡ್ತು. ಅಷ್ಟೇ ವಿಷ್ಯ.

ನಾನು ಹೊಳೆನರಸೀಪುರದವನು. ಕಾಲೇಜಲ್ಲಿದ್ದಾಗ ಭಾನುವಾರ ಬಂದ್ರೆ ಗಿಟಾರ್ ಹೊತ್ಕೊಂಡು ರೈಲಲ್ಲಿ ಮೈಸೂರಿಗೆ ಹೋಗಿ ಕಲ್ತೆ. ಶುರುವಲ್ಲಿ ನಮ್ಮ ಗುರುಗಳು ಪಾಠಕ್ಕಿಂತ ಹೆಚ್ಚಾಗಿ ಉಗುರೇ ನೋಡ್ತಿದ್ರು. ನಯವಾದ ಉಪ್ಪುಕಾಗದದಲ್ಲಿ ಉಜ್ಜು, ನುಡಿಸು, ಇನ್ನೊಂಚೂರು ಉಜ್ಜು. "ನಿನ್ನ ದನಿ ಇಲ್ಲಿರೋದು ಕಣೋ" ಅಂತ ಉಗುರಿನ ತುದಿ ತೋರಿಸೋರು. ನಮ್ಮವ್ವಂಗೆ ಮಾತ್ರ ಇದೇ ದೊಡ್ಡ ತಲೆನೋವು. ಊಟಕ್ಕೆ ಕೂತ್ರೆ ಮುದ್ದೆ ಹೋಗಿ ಉಗುರಿನ ಸಂದಿಗೆ ಮೆತ್ಕೊಳ್ಳೋದು. "ಕರಡಿ ಉಗುರು ಬಿಟ್ಕಂಡು ತಟ್ಟೆಗೆ ಕೈ ಆಕ್ತೀಯಲ್ಲೋ, ಅಸಯ್ಯ ಆಗಕಿಲ್ವೇನ್ಲಾ? ಚಮಚದಲ್ ತಿನ್ನು!" ಅನ್ನೋಳು. ಚಮಚದಲ್ಲಿ ಮುದ್ದೆ ಒಂದ್ಸಲ ತಿಂದು ನೋಡಿ, ಗೊತ್ತಾಗುತ್ತೆ.

ಕಲ್ತಾದ್ಮೇಲೆ ಕಾರ್ಯಕ್ರಮ ಅಂತ ಸಿಕ್ಕಿದ್ದು ಬಹುಪಾಲು ಮದುವೆ ರಿಸೆಪ್ಷನ್ನು. ಸ್ಟೇಜಿನ ಮೂಲೇಲಿ ಕೂತು ಸ್ಪೇನ್ ದೇಶದ ಹಳೇ ಸಂಗೀತ ನುಡಿಸ್ತಿದ್ರೆ, ಯಾರಾದ್ರೂ ಬಂದು, "ಸಾ, ಡ್ಯಾನ್ಸ್ ಸಾಂಗ್ ಬರಲ್ವಾ?" ಅನ್ನೋರು. ಬರುತ್ತೆ. ನುಡಿಸ್ತಿದ್ದೆ. ನಾಚಿಕೆ ಏನಿಲ್ಲ. ಮಿಕ್ಕ ದಿನ ಪಾಠ. ಹಾಸನದ ಮನೇಲಿ ಒಂದಷ್ಟು ಜನ, ಶನಿವಾರ ಚನ್ನರಾಯಪಟ್ಟಣ, ಬುಧವಾರ ಅರಕಲಗೂಡು.

ಅರಕಲಗೂಡಿನ ಪಾಠ ಶುರುವಾಗಿದ್ದೂ ಅಂಥದೊಂದು ರಿಸೆಪ್ಷನ್ನಲ್ಲೇ. ಮೂವತ್ತರ ಆಸುಪಾಸಿನ ಹೆಣ್ಮಗಳು ಊಟದ ತಟ್ಟೆ ಹಿಡ್ಕೊಂಡೇ ಬಂದು ನಿಂತ್ಲು. ಸಾರು ಸೀರೆ ಮೇಲೆ ಸುರೀತಿದೆ, ಅವಳಿಗೆ ಖಬರಿಲ್ಲ. "ಸಾ, ಇದ್ನ ನಾನೂ ಕಲೀಬೋದಾ?"

ಶುಂಠಿ, ಮುಸುಕಿನ ಜೋಳ ಬೆಳೆಯೋ ಮನೆ ಅವರದ್ದು. ಪಾಠ ನಡೀತಿದ್ರೆ ಅವಳ ಅತ್ತೆ ಅಲ್ಲೇ ಪಡಸಾಲೇಲಿ ಅವರೆಕಾಯಿ ಸುಲೀತಾ ಕೂತಿರೋರು.

"ಮೇಷ್ಟ್ರೇ, ಇದುಕ್ಕೆ ಹಾಡೇ ಇಲ್ವಾ?"

"ಇಲ್ಲ ಕಣಮ್ಮ, ಬರೀ ವಾದ್ಯ."

"ಬಾಯಿ ಕಟ್ಟಾಕಿದಂಗೆ!"

ಎರಡು ವರ್ಷ ಹೀಗೇ ಹೋಯ್ತು. ಸೊಸೆ ಚೆನ್ನಾಗಿ ಕಲ್ತ್ಲು. ಹಾಸನದಲ್ಲಿ ನನ್ನ ಶಿಷ್ಯರದ್ದೊಂದು ಕಾರ್ಯಕ್ರಮ ಇಟ್ಕೊಂಡೆ, ಅದರಲ್ಲಿ ಅವಳೂ ನುಡಿಸ್ಬೇಕು ಅಂದೆ. ಅತ್ತೆ ಅವತ್ತೇ ತೀರ್ಪು ಕೊಟ್ಬಿಟ್ರು. "ನಾನೂ ಬತ್ತೀನಿ. ನಾಕ್ ಜನದ್ ಮುಂದೆ ಚಂದಾಗಿ ನುಡಿಸ್ದ್ರೆ ಕಲೀಲಿ. ಇಲ್ದಿದ್ರೆ ಈ ಉಗುರು ಬೆಳ್ಸದು, ಕೆಲ್ಸ ಬುಟ್ಟು ಕೂರದು, ಎಲ್ಲ ಅಲ್ಲಿಗೇ ಸಾಕು." ಗಂಡ ಪಕ್ಕದಲ್ಲೇ ಇದ್ದ. "ಅವ್ವ ಹೇಳ್ದಂಗೆ ಸಾ" ಅಂದ. ಮುಗೀತು.

ಕಾರ್ಯಕ್ರಮದ ವಾರಾನೇ ವ್ಯಾಪಾರಿ ದಿಢೀರಂತ ಶುಂಠಿ ಕೀಳ್ಸಿ, ಲಾರಿ ಕಳಿಸ್ತೀನಿ ಅಂದ. ಆಳು ಸಿಗಲಿಲ್ಲ, ಮನೆಮಂದಿಯೆಲ್ಲ ಹೊಲಕ್ಕಿಳಿದ್ರು. ಬುಧವಾರ ನಾನು ಹೋದ್ರೆ ಸೊಸೆ ಕೈನ ಸೆರಗೊಳಗೆ ಇಟ್ಕೊಂಡು ನಿಂತಿದಾಳೆ. ತೋರಿಸಮ್ಮ ಅಂದೆ. ಬಲಗೈ ತೋರುಬೆರಳು, ನಡುಬೆರಳು, ಎರಡರ ಉಗುರೂ ಬೆರಳಿನ ತುದಿ ಸಮಕ್ಕೆ ಹೋಗಿತ್ತು. ನಿನ್ನೆ ಮಣ್ಣು ಬಿಡಿಸುವಾಗ ಮುರೀತು ಸಾ, ಅತ್ತೆಗೆ ಹೇಳ್ಬೇಡಿ ಅಂತ ಕಣ್ಣೀರು ಹಾಕಿದ್ಲು.

ಇದಕ್ಕೊಂದು ಹಳೇ ಉಪಾಯ ಇದೆ. ಪೇಟೆಗೆ ಹೋಗಿ ಟೇಬಲ್ ಟೆನ್ನಿಸ್ ಬಾಲ್ ತಂದೆ, ಕತ್ತರೀಲಿ ಉಗುರಿನ ಆಕಾರಕ್ಕೆ ಕತ್ತರಿಸಿ ಗಮ್ಮು ಹಾಕಿ ಅಂಟಿಸಿದೆ. "ಆಡೋ ಬಾಲಲ್ಲಿ ಉಗುರಾ ಸಾ!" ಅಂತ ಅಳ್ತಾ ಅಳ್ತಾನೇ ನಕ್ಕಳು. ನುಡಿಸಿ ನೋಡಿದ್ಲು. ಪರವಾಗಿಲ್ಲ, ದನಿ ಬಂತು.

ಭಾನುವಾರ ಹಾಸನದಲ್ಲಿ ಅತ್ತೆ ರೇಷ್ಮೆ ಸೀರೆ ಉಟ್ಕೊಂಡು, ಮಗನ್ನೂ ಕರ್ಕೊಂಡು ಬಂದು ಮುಂದಿನ ಕುರ್ಚೀಲೇ ಕೂತ್ರು. ಸೊಸೆ ಶುರು ಮಾಡಿದ್ಲು. ಮೊದಲ ಭಾಗ ಸೊಗಸಾಗಿ ಬಂತು. ಅದನ್ನೇ ಎರಡನೇ ಸಲ ನುಡಿಸುವಾಗ ನಡುಬೆರಳಿನ ಉಗುರು ಟಪ್ ಅಂತ ಹಾರಿ ಕೆಳಗೆ ಬಿತ್ತು. ಅವಳು ನಿಲ್ಲಿಸಲಿಲ್ಲ. ಬರೀ ಬೆರಳಲ್ಲೇ ಮೀಟ್ಕೊಂಡು ಹೋದ್ಲು. ಅಲ್ಲಲ್ಲಿ ದನಿ ಮಂಕಾಯ್ತು, ತಾಳ ಮಾತ್ರ ಒಂದಿಷ್ಟೂ ತಪ್ಪಲಿಲ್ಲ.

ಜನ ಚಪ್ಪಾಳೆ ಹೊಡೆದ್ರು. ಅತ್ತೆ ಹೊಡೀಲಿಲ್ಲ. ಸೀದಾ ಎದ್ದು ಹೋಗಿ ಸೊಸೆ ಕೈ ಹಿಡ್ಕೊಂಡ್ರು.

"ಕೊನೆ ಕೊನೇಲಿ ಯಾಕೆ ಸಪ್ಪೆ ಆಯ್ತು? ಮನೇಲಿ ಆ ಜಾಗ ಗೆಜ್ಜೆ ಅಲುಗ್ದಂಗೆ ಕೇಳ್ತಿತ್ತು."

"ಶುಂಠಿ ಕೀಳೋವಾಗ ಉಗುರು ಮುರೀತು ಅತ್ತೆ. ಮೇಷ್ಟ್ರು ಅಂಟಿಸಿದ್ರು, ಅದೂ ಹೋಯ್ತು."

"ನಂಗ್ ಯೋಳಕ್ ಬಾಯಿರ್ನಿಲ್ವಾ? ಉಗುರು ಬೆಳ್ಸಿರೋಳ್ನ ಹೊಲುಕ್ಕೆ ಎಳ್ಕಂಡೋಗಕ್ಕೆ ನಾನೇನ್ ರಾಕ್ಷಸೀನಾ?"

ಎಳ್ಕೊಂಡು ಹೋಗಿದ್ದು ಅವರೇ. ಯಾರೂ ನೆನಪು ಮಾಡಲಿಲ್ಲ. ಉಗುರು ಬರೋಕೆ ಎಷ್ಟು ದಿನ ಬೇಕು ಅಂತ ನನ್ನ ಕೇಳಿದ್ರು. ಎರಡು ತಿಂಗಳಾದ್ರೂ ಬೇಕಮ್ಮ ಅಂದೆ. ಮಗನ ಕಡೆ ತಿರುಗಿದ್ರು. "ಕೇಳ್ದೇನ್ಲಾ? ಬಿತ್ನೆಗೆ ಶುಂಠಿ ತುಂಡ್ ಮಾಡಕ್ಕೆ ಇವ್ಳು ಬರಾಕಿಲ್ಲ."

"ಆಳು ಎಲ್ಲವ್ರೆ ಅವ್ವಾ?"

"ನೀನಿದೀಯಲ್ಲ! ನಿನ್ ಉಗುರು ಹೋದ್ರೆ ಯಾರ್ ಕೇಳ್ತಾರೆ?"

ಮುಂದಿನ ಬುಧವಾರ ಹೋದೆ. ಅದೇ ತುಣುಕು ತಿದ್ದೋಣ ಅಂತ ಕೂತ್ರೆ ಅಡುಗೆಮನೆಯಿಂದ ಅತ್ತೆ ಕೂಗು ಬಂತು. "ಮೇಷ್ಟ್ರೇ, ಅದ್ನೇ ಕೇಳಿ ಕೇಳಿ ಸಾಕಾಗೈತೆ. ಹೊಸ್ದೇನಾರ ಹೇಳ್ಕೊಡಿ."