ಸ್ಟೆಲ್ಲಾ ಅವರ ವಿಯೆಲ್, ನನ್ನ ಕೈ

ಸ್ಟೆಲ್ಲಾ ಅವರೇ, ಆವತ್ತು ನಿಮ್ಮ ಕೈ ಕೆಟ್ಟಿರಲಿಲ್ಲ. ಕೆಟ್ಟಿದ್ದು ವಾದ್ಯ. ಕೆಡಿಸಿದವಳು ನಾನು. ನಿಮಗೆ ಹೇಳಬೇಕಾಗಿದ್ದ ಹೊತ್ತಿನಲ್ಲಿ ಹೇಳಲಿಲ್ಲ. ಬರೀ ಸುಮ್ಮನಿದ್ದಿದ್ದರೆ ಎಷ್ಟೋ ವಾಸಿಯಿತ್ತು — ಬಾಯಿ ತೆರೆದು ಆಡಬಾರದ ಮಾತನ್ನೂ ಆಡಿದೆ.

ಹೆಬ್ಬಾಳದಿಂದ ಏರ್‌ಪೋರ್ಟ್ ಕಡೆಗೆ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ ಅದು. ನಾನು ಅಟ್ಟೂರಿನ ಮನೆಯಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಿದ್ದೆ. ನೀವು ಶಾಲೆಯ ಸಂಗೀತ ಟೀಚರ್ ಕೆಲಸದಿಂದ ನಿವೃತ್ತರಾಗಿ ನಮ್ಮ ಪಕ್ಕದ ಬೀದಿಗೆ ಬಂದಿರಿ, ಜೊತೆಗೆ ಆ ವಿಯೆಲ್ ಬಂತು. ಪಾದ್ರಿಯಾಗಿದ್ದ ನಿಮ್ಮ ಚಿಕ್ಕಪ್ಪ ಯೂರೋಪಿನಿಂದ ತಂದುಕೊಟ್ಟದ್ದು. ಪಿಟೀಲು ಹುಟ್ಟುವುದಕ್ಕೆ ಎಷ್ಟೋ ಮೊದಲು, ಮಧ್ಯಯುಗದಲ್ಲಿ, ಅಲ್ಲಿನವರು ಕಮಾನು ಹಿಡಿದು ನುಡಿಸುತ್ತಿದ್ದ ಐದು ತಂತಿಯ ವಾದ್ಯ. ಹಳೆಯ ಚಿತ್ರಗಳನ್ನು ನೋಡಿಕೊಂಡು ಯಾರೋ ಹೊಸದಾಗಿ ಮಾಡಿದ್ದು.

ಶನಿವಾರ ಸಂಜೆ ನಮ್ಮ ತಾರಸಿಯ ಮೇಲೆ ಬೀದಿಯ ಹೆಂಗಸರನ್ನೆಲ್ಲ ಸೇರಿಸಿ ಆ ಕಾಲದ ಕುಣಿತ ಕಲಿಸಿದಿರಿ. ಕೈ ಕೈ ಹಿಡಿದು ಸುತ್ತು ನಿಲ್ಲಬೇಕು. ಒಬ್ಬರು ಹಾಡಿದರೆ ಉಳಿದವರು ಪಲ್ಲವಿ ಹೇಳುತ್ತ ಎಡಕ್ಕೆ ಸರಿಯಬೇಕು. “ನೋಡೋರು ಬೇರೆ, ಕುಣಿಯೋರು ಬೇರೆ ಅಂತ ಇರ್ಲಿಲ್ಲ ಕಣ್ರೀ ಆಗ,” ಎನ್ನುತ್ತಿದ್ದಿರಿ. “ಕೋಲಿಲ್ದಿರೋ ಕೋಲಾಟ ಅನ್ನಿ ಅಕ್ಕಾ,” ಎಂದು ಮೂಲೆಮನೆಯ ಜಯಮ್ಮ ನಗುತ್ತಿದ್ದಳು. ನೀವು ನಡುವೆ ಕುಳಿತು ವಿಯೆಲ್ ನುಡಿಸುತ್ತಿದ್ದಿರಿ. ಹಾಡಿನ ಸ್ವರದ ಜೊತೆಗೇ ಅದರ ಅಂಚಿನ ದಪ್ಪ ತಂತಿ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಆ ನಾದದ ಮೇಲೆ ಕಾಲಿಟ್ಟೇ ಎಲ್ಲರೂ ಕುಣಿಯುತ್ತಿದ್ದರು.

ಹೊಟ್ಟೆಕಿಚ್ಚಿರಲಿಲ್ಲವೇ? ಇತ್ತು. ನನ್ನ ತಾರಸಿ, ನನ್ನ ಕಾಫಿ — ಕೇಂದ್ರ ಮಾತ್ರ ನೀವು. ನನ್ನ ಪಾಠದ ಹುಡುಗಿಯರು ಕೂಡ ವರ್ಣ ಅರ್ಧಕ್ಕೆ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದರು. ನಾನೂ ಕುಣಿದೆ, ಖುಷಿಯಾಗಿಯೇ ಕುಣಿದೆ. ಆದರೂ ಇತ್ತು.

ಆಮೇಲೆ ನೀವು ಯಲಹಂಕದ ಮಾರ್ಕೆಟ್ಟಿನಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿರಿ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ವಿಯೆಲನ್ನು ನನ್ನ ಮಡಿಲಿಗಿಟ್ಟಿರಿ. “ತಂತಿ ಸ್ವಲ್ಪ ನೋಡ್ಕೊಳ್ತಿರಿ ವಸಂತಾ. ನಿಮ್ಮ ಕೈಲಿದ್ರೆ ನಂಗೆ ನೆಮ್ಮದಿ.”

ಒಂದು ಮಧ್ಯಾಹ್ನ ನುಡಿಸಿ ನೋಡಿದೆ. ಕಮಾನು ಎಲ್ಲಿಟ್ಟರೂ ನಾಲ್ಕಾರು ಸ್ವರ ಒಟ್ಟಿಗೇ ಏಳುತ್ತಿದ್ದವು. ತಂತಿಗಳನ್ನು ಹೊತ್ತು ನಿಲ್ಲುವ ಮರದ ಚೂರಿಗೆ ನಾವು ಕುದುರೆ ಎನ್ನುತ್ತೇವಲ್ಲ — ಪಿಟೀಲಿನಲ್ಲಿ ಅದರ ಮೇಲಂಚು ಬಿಲ್ಲಿನಂತೆ ಬಾಗಿರುತ್ತದೆ, ಹಾಗಾಗಿ ತಂತಿಗಳನ್ನು ಒಂದೊಂದಾಗಿ ಮುಟ್ಟಬಹುದು. ನಿಮ್ಮ ವಿಯೆಲಿನ ಕುದುರೆ ಚಪ್ಪಟೆ. ಅದು ಹಾಗೇ ಇರಬೇಕು, ಎಲ್ಲ ತಂತಿ ಒಟ್ಟಿಗೆ ಮೊಳಗಲೆಂದೇ ಹಾಗೆ ಮಾಡಿದ್ದು ಎಂದು ನನಗೆ ಹೊಳೆಯಲಿಲ್ಲ. ಹೊಳೆಯುವಷ್ಟು ವಿನಯ ಇರಲಿಲ್ಲ. ಮಾಡಿದವನಿಗೆ ಕೆಲಸ ಬರುತ್ತಿರಲಿಲ್ಲ ಎಂದುಕೊಂಡೆ. ಕುದುರೆ ತೆಗೆದು, ಸ್ಯಾಂಡ್‌ಪೇಪರಿನಿಂದ ಎರಡೂ ಅಂಚು ಉಜ್ಜಿ ತಗ್ಗಿಸಿದೆ. ಬಹಳವಲ್ಲ, ಕಣ್ಣಿಗೆ ಕಾಣದಷ್ಟು. ಮತ್ತೆ ನಿಲ್ಲಿಸಿ ನುಡಿಸಿದರೆ ವಾದ್ಯ ನನ್ನ ಮಾತು ಕೇಳಿತು. ನಿಮಗೆ ಹೇಳಿ ಬೀಗಬೇಕು ಎಂದೂ ಅಂದುಕೊಂಡಿದ್ದೆ.

ಪ್ಲಾಸ್ಟರ್ ಬಿಚ್ಚಿಸಿದ ವಾರ ನೀವು ತಾರಸಿಗೆ ಬಂದಿರಿ. ಕ್ರಿಸ್‌ಮಸ್‌ಗೆ ಕೆಂಪಾಪುರದ ಸಭಾಂಗಣದಲ್ಲಿ ನಮ್ಮ ಕುಣಿತವಿತ್ತು. ಹೆಂಗಸರೆಲ್ಲ ಕೈ ಹಿಡಿದು ಸುತ್ತು ನಿಂತರು. ನೀವು ಕಮಾನು ಎಳೆದಿರಿ. ಒಂದೇ ತಂತಿ ನುಡಿಯಿತು. ಅಂಚಿನ ದಪ್ಪ ತಂತಿ ಮೂಕ. ಒತ್ತಿ ಎಳೆದಿರಿ — ನೋವಿಗೆ ತುಟಿ ಕಚ್ಚಿದಿರಿ — ಆಗಲೂ ಇಲ್ಲ. ಸುತ್ತು ನಾಲ್ಕು ಹೆಜ್ಜೆ ಸರಿದು ನಿಂತುಬಿಟ್ಟಿತು.

“ಏನ್ರೀ ಇದು... ಕೈಯಲ್ಲಿ ಬಲಾನೇ ಇಲ್ವಲ್ಲ,” ಎಂದು ನನ್ನ ಮುಖ ನೋಡಿದಿರಿ.

ಕುದುರೆಯ ಕಡೆ ಒಮ್ಮೆಯೂ ನೋಡಲಿಲ್ಲ. ಅನುಮಾನ ಪಡಬೇಕಾದವರಲ್ಲಿ ನೀವು ನನ್ನನ್ನು ಸೇರಿಸಿಯೇ ಇರಲಿಲ್ಲ. ಆ ಕ್ಷಣ ನನಗೆ ಎಲ್ಲ ಅರ್ಥವಾಯಿತು, ಸ್ಟೆಲ್ಲಾ ಅವರೇ. ಯಾಕೆ ಚಪ್ಪಟೆ, ನಾನು ಏನು ಮಾಡಿದೆ — ಎಲ್ಲ. ಒಂದು ಮಾತು ಸಾಕಿತ್ತು. ಆದರೆ ಅಷ್ಟು ಜನರ ಮುಂದೆ, ಪಿಟೀಲು ಟೀಚರ್ ಎನ್ನಿಸಿಕೊಂಡವಳು...

“ಮೂಳೆ ಮುರಿದ್ಮೇಲೆ ಮೊದಲಿನ ಹಾಗೆ ಆಗಲ್ಲ ಬಿಡಿ,” ಎಂದೆ. “ವಯಸ್ಸೂ ಆಯ್ತಲ್ಲ.”

ನೀವು ಕಮಾನು ಕೆಳಗಿಟ್ಟಿರಿ. ಸಿಟ್ಟಿಲ್ಲ, ಅಳುವಿಲ್ಲ. “ಹೌದೇನೋ,” ಎಂದಿರಿ.

ಕೆಂಪಾಪುರದಲ್ಲಿ ನಿಮ್ಮ ಜಾಗದಲ್ಲಿ ನಾನು ಪಿಟೀಲು ಹಿಡಿದು ಕುಳಿತೆ. ದಪ್ಪ ತಂತಿಯ ಬದಲು ನನ್ನ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮೊಳಗಿತು. ಜನ ಚೆನ್ನಾಗಿಯೇ ಚಪ್ಪಾಳೆ ತಟ್ಟಿದರು. ನೀವು ಎದುರು ಸಾಲಿನಲ್ಲಿ ಕುಳಿತು ನೋಡುತ್ತಿದ್ದಿರಿ — ನೋಡುವವರು ಬೇರೆ ಇರಬಾರದು ಎಂದಿದ್ದ ನೀವು. ಮುಗಿದ ಮೇಲೆ ವಿಯೆಲನ್ನು ನನಗೇ ಕೊಟ್ಟುಬಿಟ್ಟಿರಿ. “ನುಡಿಸೋರ ಹತ್ರ ಇರ್ಲಿ.” ನಾನು ತೆಗೆದುಕೊಂಡೆ. ನಾಚಿಕೆ ಎನ್ನುವುದು ಇದ್ದಿದ್ದರೆ ಅಲ್ಲಾದರೂ...

ನೀವು ಚಿಕ್ಕಬಾಣಾವರದ ತಂಗಿಯ ಮನೆಗೆ ಹೋದ ಮೇಲೆ ಹಬ್ಬಕ್ಕೊಂದು ಫೋನು, ಅಷ್ಟೇ. ಹೇಳಿ ಏನು ಪ್ರಯೋಜನ, ಆದದ್ದು ಆಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಹೋದ ತಿಂಗಳು ಜಯಮ್ಮನ ಮಗಳ ಮದುವೆಯಲ್ಲಿ ನೀವು ಎಡಗೈಯಲ್ಲಿ ಊಟ ಮಾಡುತ್ತಿದ್ದುದನ್ನು ನೋಡಿದೆ. ಬಲಗೈ ಮಡಿಲಲ್ಲಿತ್ತು, ಬೆರಳು ಅರ್ಧ ಮಡಚಿಕೊಂಡು.

“ಅದಾ?” ಎಂದು ನಕ್ಕಿರಿ. “ಡಾಕ್ಟ್ರು ದಿನಾ ವ್ಯಾಯಾಮ ಮಾಡಿ ಅಂದಿದ್ರು. ನುಡಿಸೋಕೇ ಆಗಲ್ಲ ಅಂದ್ಮೇಲೆ ಯಾತಕ್ಕೆ ಅಂತ ಬಿಟ್ಬಿಟ್ಟೆ. ನೀವು ಆವತ್ತು ಹೇಳಿದ್ರಲ್ಲ, ಸರಿಯಾಗೇ ಹೇಳಿದ್ರಿ.”

ಸರಿಯಾಗಿ ಹೇಳಿರಲಿಲ್ಲ. ನಾನು ಹೇಳಿದ್ದು ಸುಳ್ಳು. ನೀವು ನಂಬಿದ್ದರಿಂದ ಅದು ನಿಜವಾಯಿತು.

ಇದನ್ನು ಅಂಚೆಗೆ ಹಾಕಿ ತಪ್ಪಿಸಿಕೊಳ್ಳುವುದಿಲ್ಲ. ಭಾನುವಾರ ಚಿಕ್ಕಬಾಣಾವರಕ್ಕೆ ಬಂದು ನಿಮ್ಮೆದುರು ಕುಳಿತು ಓದುತ್ತೇನೆ. ಓದಿ ಮುಗಿಯುವ ಮೊದಲೇ ಎದ್ದು ಹೋಗು ಎಂದರೆ ಎದ್ದು ಹೋಗುತ್ತೇನೆ. ವಿಯೆಲ್ ನಿಮ್ಮದು, ಅಲ್ಲೇ ಬಿಟ್ಟು ಬರುತ್ತೇನೆ. ಯಶವಂತಪುರದ ಮರಗೆಲಸದವರಲ್ಲಿ ಹೊಸ ಕುದುರೆ ಮಾಡಿಸಿ ಕೂರಿಸಿದ್ದೇನೆ, ಚಪ್ಪಟೆಯದು. ನಿನ್ನೆ ಕಮಾನು ಎಳೆದು ನೋಡಿದೆ. ದಪ್ಪ ತಂತಿ ಮನೆಯೆಲ್ಲ ತುಂಬುವ ಹಾಗೆ ಮೊಳಗಿತು. ವಾದ್ಯ ಮೊದಲಿನ ಹಾಗೆ ಆಗಿದೆ, ಸ್ಟೆಲ್ಲಾ ಅವರೇ. ವಾದ್ಯ ಮಾತ್ರ.