ಮೂತಿಭಾರದ ಮಷೀನು

ಡಾಂಬರು ಹಾಕುವವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮೇಲೆ ನುಣ್ಣಗೆ ಕಂಡರೆ ಅವರಿಗೆ ಸಾಕು, ಕೆಳಗೆ ಏನು ಹೂತುಹೋಯಿತು ಎಂಬುದು ಬೇಕಿಲ್ಲ. ದಾವಣಗೆರೆ ಜಿಲ್ಲೆಯಾದ ಹೊಸದರಲ್ಲಿ ಹರಿಹರದ ಕಡೆಯ ರಸ್ತೆಗೂ ಊರೊಳಗಿನ ಬೀದಿಗಳಿಗೂ ಪದರದ ಮೇಲೆ ಪದರ ಡಾಂಬರು ಬಿತ್ತು. ಹೊಳೆಯಿಂದ ಊರಿಗೆ ಬರುವ ನೀರಿನ ಪೈಪಿಗೆ ಅಲ್ಲಲ್ಲಿ ವಾಲ್ವುಗಳು, ಪ್ರತಿ ವಾಲ್ವಿನ ಗುಂಡಿಗೆ ಒಂದೊಂದು ಕಬ್ಬಿಣದ ಮುಚ್ಚಳ. ಮುಚ್ಚಳವನ್ನು ಒಂದು ಗೇಣು ಎತ್ತರಿಸಿ ಆಮೇಲೆ ಡಾಂಬರು ಸುರಿಯಬೇಕು. ಯಾರೂ ಎತ್ತರಿಸಲಿಲ್ಲ, ಸುರಿದುಬಿಟ್ಟರು. ಪೈಪು ಒಡೆದ ದಿನ ನೀರು ನಿಲ್ಲಿಸೋಣವೆಂದರೆ ವಾಲ್ವು ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ.

ಆ ವಾಲ್ವುಗಳನ್ನು ಹುಡುಕುವ ಗುತ್ತಿಗೆ ಹಿಡಿದ ಕಂಟ್ರಾಕ್ಟರನ ಹತ್ತಿರ ನಾನು ವೈರ್‌ಮನ್ ಆಗಿದ್ದೆ. ಐಟಿಐ ಮುಗಿಸಿ ಮೂರು ವರ್ಷವಾಗಿತ್ತು. ಕಂಟ್ರಾಕ್ಟರ್ ಎಲ್ಲಿಂದಲೋ ಒಂದು ಹಳೆಯ ಮೆಟಲ್ ಡಿಟೆಕ್ಟರ್ ತಂದ. ಉದ್ದನೆಯ ಕೋಲು, ಕೋಲಿನ ತುದಿಗೆ ಊಟದ ತಟ್ಟೆಯಷ್ಟಗಲದ ಚಕ್ರ, ಚಕ್ರದಿಂದ ಒಂದು ಮೊಳ ಮೇಲೆ ತಗಡಿನ ಡಬ್ಬಿ. ಡಬ್ಬಿಯೊಳಗೆ ಟಾರ್ಚಿಗೆ ಹಾಕುವ ದಪ್ಪ ಸೆಲ್ಲು ಎಂಟು. ಹಿಡಿ ಮಾತ್ರ ಕೋಲಿನ ಹಿಂದಿನ ತುದಿಯಲ್ಲಿ. ಅಂದರೆ ಭಾರವೆಲ್ಲ ಮುಂದೆ, ಕೈ ಎಲ್ಲೋ ಹಿಂದೆ. ಇದನ್ನು ಮಾಡಿದ ಪುಣ್ಯಾತ್ಮ ಅದನ್ನು ಹಿಡಿದು ಒಂದು ಫರ್ಲಾಂಗಾದರೂ ನಡೆದಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಚಕ್ರವನ್ನು ನೆಲದಿಂದ ನಾಲ್ಕು ಬೆರಳು ಮೇಲೆ ಹಿಡಿದು ಎಡಕ್ಕೂ ಬಲಕ್ಕೂ ಆಡಿಸುತ್ತ ಹೋಗಬೇಕು. ಕೆಳಗೆ ಕಬ್ಬಿಣವಿದ್ದರೆ ಕುಂಯ್ ಎನ್ನುತ್ತದೆ.

ನಾನು ಹಿಡಿದು ನೋಡಿದೆ. ಅರ್ಧ ಗಂಟೆಗೆ ಮಣಿಕಟ್ಟು ಬಿದ್ದುಹೋಯಿತು. ಇನ್ನಿಬ್ಬರು ಹಿಡಿದು, ಮಾರನೆಯ ದಿನ ಕೆಲಸಕ್ಕೇ ಬರಲಿಲ್ಲ. ಕೊನೆಗೆ ಅದು ಚಾಚಾನ ಕೈಗೆ ಬಂತು.

ಚಾಚಾಗೆ ಆಗ ಐವತ್ತೈದು ದಾಟಿತ್ತು. ದಾವಣಗೆರೆಯ ಮಂಡಿಪೇಟೆಯಲ್ಲಿ ಇಪ್ಪತ್ತು ವರ್ಷ ಹಮಾಲಿ ಮಾಡಿ, ಬೆನ್ನು ಒಲ್ಲೆ ಎಂದ ಮೇಲೆ ನೀರು ಬಿಡುವ ಕೆಲಸಕ್ಕೆ ಸೇರಿದವರು. ಗಿಡ್ಡ ಆಳು, ಬಾಯಲ್ಲಿ ಸದಾ ಎಲೆ ಅಡಿಕೆ. ಎಡ ಹೆಗಲ ಮೇಲೆ ವಾಲ್ವು ತಿರುಗಿಸುವ ಕಬ್ಬಿಣದ ಉದ್ದ ಕೀ ಇಲ್ಲದೆ ಅವರನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಈ ಮಷೀನನ್ನು ಅವರು ದಿನವಿಡೀ ಹಿಡಿದರು. ತಿಂಗಳುಗಟ್ಟಲೆ ಹಿಡಿದರು. ಬೇರೆ ಯಾರಿಂದಲೂ ಆಗದ್ದಕ್ಕೇ ಕಂಟ್ರಾಕ್ಟರ್ ಅವರನ್ನು ಇಟ್ಟುಕೊಂಡಿದ್ದ. ಇಲ್ಲದಿದ್ದರೆ ಆ ವಯಸ್ಸಿನ ದಿನಗೂಲಿಯವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಇದು ಅವರಿಗೂ ಗೊತ್ತಿತ್ತು. ಈ ಕೆಲಸ ಹೋದರೆ ಮತ್ತೆ ಮಂಡಿಪೇಟೆಯ ಅಂಗಡಿ ಮುಂದೆ ನಿಲ್ಲಬೇಕು, ಅಲ್ಲಿ ಮುದುಕರನ್ನು ಯಾರೂ ಕರೆಯುವುದಿಲ್ಲ.

ಬರುಬರುತ್ತ ಅವರ ಬಲಗೈ ಹೆಗಲಿಂದ ಮೇಲೆ ಏಳದಾಯಿತು. ಒಂದು ಮಧ್ಯಾಹ್ನ ಗುತ್ತೂರಿನ ಹತ್ತಿರ ಹುಣಸೆ ಮರದ ಕೆಳಗೆ ಬುತ್ತಿ ಬಿಚ್ಚಿ ಕೂತಿದ್ದೆವು. ಅವರು ಮೊಣಕೈಯನ್ನು ಮಂಡಿಗೆ ಆನಿಸಿಕೊಂಡು, ಬಾಯನ್ನೇ ಕೈಯ ತನಕ ಬಗ್ಗಿಸಿ ರೊಟ್ಟಿ ತಿನ್ನುತ್ತಿದ್ದರು. ಎಡಗೈಯಲ್ಲಿ ತಿನ್ನುವ ಮನುಷ್ಯ ಅವರಲ್ಲ.

"ಚಾಚಾ, ಕಂಟ್ರಾಕ್ಟರಿಗೆ ಹೇಳ್ರಿ. ಕೈ ಹಾಳಾಗೇತಿ ಅಂತ ಹೇಳ್ರಿ," ಅಂದೆ.

"ಹೇಳಿದ್ರೆ ಏನಂತಾನ? ಮನಿಗೋಗು ಅಂತಾನ. ಸುಮ್ನಿರು ಬೇಟಾ."

ನಾನು ಸುಮ್ಮನಿರುವ ಜಾತಿಯವನಲ್ಲ. ಆಗಂತೂ ಎಲ್ಲದಕ್ಕೂ ಕೈಹಾಕುವ ವಯಸ್ಸು. ಕಂಟ್ರಾಕ್ಟರಿಗೆ ನಾನೇ ಹೇಳಿದೆ, ಚಾಚಾನ ಕೈ ವಿಷಯ ಬಿಟ್ಟು ಮಷೀನಿನದ್ದು ಮಾತ್ರ. "ತೂಕ ಸರಿಯಿಲ್ರಿ, ಸ್ವಲ್ಪ ಬದಲು ಮಾಡಿದ್ರೆ ಕೆಲಸ ಜಲ್ದಿ ಆಗತೈತ್ರಿ." ಅವನು ಲೆಕ್ಕಿಸಲಿಲ್ಲ. "ಫಾರಿನ್ ಮಾಲು ಅದು. ನೀ ಅದಕ್ಕಿಂತ ಶಾಣ್ಯಾ ಏನಲೇ? ಕೆಟ್ರೆ ನಿನ್ನ ತಲಿಮ್ಯಾಲೆ." ಅಷ್ಟಂದು ಬೈಕು ಒದ್ದು ಹೋದ. ಅವನು ಒಂದು ದಿನವೂ ಅದನ್ನು ಕೈಯಲ್ಲಿ ಹಿಡಿದವನಲ್ಲ. ಹಿಡಿಯದವರೇ ಇಂಥ ಮಾತು ಆಡುತ್ತಾರೆ.

ಹೇಳದೆಯೇ ಮಾಡಿದೆ. ಹರಿಹರದಲ್ಲಿ ನಮ್ಮ ಸಾಮಾನು ಇಡುವ ಶೆಡ್ಡಿತ್ತು. ಭಾನುವಾರ ಬೆಳಿಗ್ಗೆ ಚಾಚಾನನ್ನು ಕೂರಿಸಿಕೊಂಡು ಕೆಲಸ ಶುರು ಮಾಡಿದೆ. ಮೊದಲು ನನ್ನ ಬುದ್ಧಿಗೆ ಹೊಳೆದದ್ದು ತಕ್ಕಡಿ. ಮುಂದೆ ಭಾರವಿದ್ದರೆ ಹಿಂದೆಯೂ ಭಾರ ಹಾಕಿದರಾಯಿತು. ಕೋಲಿನ ಹಿಂದಕ್ಕೆ ಅಲ್ಯುಮಿನಿಯಂ ಪೈಪಿನ ತುಂಡು ಜೋಡಿಸಿ, ಅದರ ತುದಿಗೆ ಅಂಗಡಿಯ ತೂಕದ ಕಲ್ಲೊಂದನ್ನು ಕಟ್ಟಿದೆ. ಚಕ್ರ ಮೇಲೆದ್ದು ಸಮನಾಗಿ ನಿಂತಿತು. ಪರೀಕ್ಷೆ ಪಾಸಾದವನ ಥರ ಚಾಚಾನ ಮುಖ ನೋಡಿದೆ.

ಅವರು ಎತ್ತಿ ನೋಡಿ ಪಕ್ಕಕ್ಕೆ ಉಗುಳಿದರು. "ಭಾರಕ್ಕೆ ಭಾರ ಕೂಡಿಸಿದ್ರೆ ಹಗುರ ಆಗತೈತೇನು? ಮೂಟೆ ಮುಂದಕ್ಕ ಜಗ್ಗಿದ್ರೆ ಹಮಾಲ ಹಿಂದೆ ಇನ್ನೊಂದ್ ಮೂಟೆ ಕಟ್ಕೊಳಲ್ಲ. ಇದ್ದ ಮೂಟೇನೇ ಸರಿಸ್ಕೊಂತಾನ."

ಐಟಿಐಯಲ್ಲಿ ಎರಡು ವರ್ಷ ಕೂತು ಕಲಿಯದ್ದನ್ನು ಅವರು ಒಂದು ಮಾತಿನಲ್ಲಿ ಹೇಳಿದರು. ಕಲ್ಲು ಬಿಚ್ಚಿದೆ. ಡಬ್ಬಿಯೊಳಗಿನ ಎಂಟೂ ಸೆಲ್ಲು ತೆಗೆದು, ಬೇರೆ ಡಬ್ಬಿಗೆ ಹಾಕಿ, ಮೊಣಕೈಯ ಹಿಂದೆ ಪೈಪಿನ ತುದಿಗೆ ಕೂರಿಸಿ, ವೈರು ಉದ್ದ ಮಾಡಿದೆ. ಭಾರ ಅಷ್ಟೇ ಇತ್ತು, ಜಾಗ ಬದಲಾಯಿತು. ಹಿಡಿಯನ್ನು ಒಂದೂವರೆ ಗೇಣು ಮುಂದಕ್ಕೆ ತಂದೆ. ಕೋಲು ಉದ್ದದ ಆಳಿಗೆ ಮಾಡಿದ್ದು. ಗಿಡ್ಡ ಚಾಚಾ ಅದಕ್ಕಾಗಿ ಮೊಣಕೈ ಎತ್ತಿಯೇ ನಡೆಯಬೇಕಿತ್ತು. ಕೋಲೆಂದರೆ ಒಂದರೊಳಗೊಂದು ಸರಿಯುವ ಎರಡು ಕೊಳವೆ; ತುಕ್ಕು ಹಿಡಿದ ಸಂದಿಗೆ ಸೀಮೆಎಣ್ಣೆ ಬಿಟ್ಟು ಅದನ್ನು ನಾಲ್ಕು ಬೆರಳು ಒಳಕ್ಕೆ ತಳ್ಳಿದೆ. ಮೊಣಕೈ ಕೂರಲು ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಬಿಸಿ ಮಾಡಿ ಅಗಲಿಸಿ, ಒಳಗೆ ಸೈಕಲ್ ಸೀಟಿನ ಸ್ಪಂಜು ಅಂಟಿಸಿದೆ. ಟಾಂಗಾ ಕುದುರೆಗೆ ಪಟ್ಟಿ ಹೊಲಿಯುವ ಚಾಚಾನ ಗೆಳೆಯರೊಬ್ಬರು ನೂಲಿನ ಅಗಲ ಪಟ್ಟಿಯೊಂದನ್ನು ಹೊಲಿದುಕೊಟ್ಟರು. ಅದನ್ನು ಹೆಗಲಿಗೆ ಹಾಕಿಕೊಂಡರೆ ಮಷೀನಿನ ಭಾರ ಮೈಮೇಲೆ ಬೀಳುತ್ತಿತ್ತು; ಕೈಗೆ ಚಕ್ರ ಆಡಿಸುವುದಷ್ಟೇ ಕೆಲಸ.

ಚಾಚಾ ಶೆಡ್ಡಿನಲ್ಲಿ ಈ ಕಡೆಯಿಂದ ಆ ಕಡೆಗೆ ನಾಲ್ಕು ಸಲ ನಡೆದರು. ಐದನೇ ಸಲಕ್ಕೆ ಎರಡು ಬೆರಳಲ್ಲಿ ಹಿಡಿದು ನಡೆದು ನಕ್ಕರು.

ಮೊದಲ ದಿನವೇ ಒಂದು ಎಡವಟ್ಟಾಯಿತು. ಮುಂಚೆ ಬಲಗೈ ನೋವಿಗೆ ಎಡಗೈಯೂ ಮಷೀನಿಗೇ ಆಸರೆಯಾಗಿರುತ್ತಿತ್ತು, ಕೀ ಹೆಗಲ ಮೇಲಿರುತ್ತಿತ್ತು. ಈಗ ಎಡಗೈ ಖಾಲಿಯಾಯಿತಲ್ಲ, ಚಾಚಾ ಕೀಯನ್ನು ಇಳಿಸಿ ಊರುಗೋಲಿನಂತೆ ಊರಿಕೊಂಡು ನಡೆದರು. ಗುತ್ತೂರಿನ ತಿರುವಿನಲ್ಲಿ ಮಷೀನು ಕುಂಯ್ ಎಂದಿತು. ಅಗೆದೆವು, ಏನಿಲ್ಲ. ಹತ್ತು ಹೆಜ್ಜೆಗೆ ಮತ್ತೆ ಕುಂಯ್. ಅಗೆದೆವು. ಹೊಸ ಡಾಂಬರಿನಲ್ಲಿ ಮೂರು ಗುಂಡಿ ತೋಡಿ, ಬೆವರು ಒರೆಸಿಕೊಳ್ಳುವಾಗ ನನ್ನ ಕಣ್ಣು ಕೀಯ ಮೇಲೆ ಬಿತ್ತು. ಚಕ್ರದ ಪಕ್ಕದಲ್ಲೇ ಊರಿ ನಿಂತಿತ್ತು. ಹುಡುಕುವವರ ಕೈಯಲ್ಲೇ ಕಬ್ಬಿಣ! ಇಬ್ಬರೂ ರಸ್ತೆ ಬದಿಗೆ ಕೂತು ಹೊಟ್ಟೆ ಹಿಡಿದು ನಕ್ಕೆವು. ಆವತ್ತಿನಿಂದ ಕೀಯನ್ನು ನಾನು ಹೊತ್ತೆ.

ಎರಡು ತಿಂಗಳಲ್ಲಿ ಅವರ ಕೈ ಏಳತೊಡಗಿತು. ಟೋಪಿಯನ್ನು ಬಲಗೈಯಲ್ಲೇ ಸರಿ ಮಾಡಿಕೊಂಡರು. ಮುಂಚೆ ದಿನಕ್ಕೊಂದು ವಾಲ್ವು ಸಿಕ್ಕರೆ ದೊಡ್ಡದು, ಈಗ ಮೂರು ಸಿಗುತ್ತಿದ್ದವು. ಇಲ್ಲಿಗೆ ನಿಂತಿದ್ದರೆ ನಾನು ಈ ಮಾತು ಬರೆಯುತ್ತಲೇ ಇರಲಿಲ್ಲ.

ಕಂಟ್ರಾಕ್ಟರ್ ಬರುವ ದಿನ ಚಾಚಾ ಪಟ್ಟಿಯನ್ನು ಅಂಗಿಯೊಳಗೆ ಮುಚ್ಚಿಕೊಳ್ಳುತ್ತಿದ್ದರು, ಹಿಂದಿನ ಡಬ್ಬಿಗೆ ಟವೆಲ್ ಸುತ್ತುತ್ತಿದ್ದರು. ಅವನೆದುರು ನರಳುತ್ತ, ಕಾಲೆಳೆಯುತ್ತ ನಡೆಯುತ್ತಿದ್ದರು. ನನಗೆ ನಗು ಬರುತ್ತಿತ್ತು. "ಯಾಕ ಚಾಚಾ ಈ ನಾಟಕ?" ಎಂದು ಒಮ್ಮೆ ಕೇಳಿದೆ.

"ಮಂಡಿಪೇಟೇಲಿ ಹತ್ತಿಮೂಟೆ ಹೊತ್ರೂ ಮಾಲೀಕನ ಮುಂದೆ ನರಳಬೇಕು ಬೇಟಾ. ಹಗುರ ಅಂತ ಗೊತ್ತಾದ್ರೆ ಕೂಲಿಗೆ ಕೈ ಹಾಕ್ತಾನ, ಇಲ್ಲ ಆಳಿಗೆ ಕೈ ಹಾಕ್ತಾನ. ತೋರಿಸಬ್ಯಾಡ ಅವಂಗೆ."

ನಾನು ತೋರಿಸಿದೆ. ಬೇರೆ ಯಾರೂ ಅಲ್ಲ, ನಾನೇ. ಒಂದು ದಿನ ಶೆಡ್ಡಿಗೆ ಬಂದ ಕಂಟ್ರಾಕ್ಟರ್, "ಇತ್ತೀಚಿಗೆ ಕೆಲಸ ಭಾಳ ಜೋರೈತಲ್ಲ, ಏನ್ ಮಾಡಿದ್ರಿ?" ಎಂದು ಕೇಳಿದ. ಅವನು ನನ್ನನ್ನು ಹಾಗೆ ಮನುಷ್ಯನಂತೆ ಮಾತಾಡಿಸಿದ್ದು ಅದೇ ಮೊದಲು. ನನ್ನ ಎದೆ ಉಬ್ಬಿತು. ಫಾರಿನ್ನಿನವರಿಗಿಂತ ನಾನು ಶಾಣ್ಯಾ ಎಂದು ಅವನ ಬಾಯಿಂದಲೇ ಹೇಳಿಸಬೇಕು ಎಂಬ ಹಠ ಒಳಗೆ ಕೂತೇ ಇತ್ತು. ಪಟ್ಟಿ ತೆಗೆದು ಅವನ ಹೆಗಲಿಗೇ ಹಾಕಿದೆ. ಅವನು ಒಂದು ಕೈಯಲ್ಲಿ ಸಿಗರೇಟು ಹಿಡಿದುಕೊಂಡೇ ಶೆಡ್ಡು ಸುತ್ತಿದ.

"ಅಬ್ಬಾ! ಇದನ್ನ ಯಾರು ಬೇಕಾದ್ರೂ ಹಿಡೀಬೌದಲ್ಲೋ!" ಅಂದ. ನನ್ನ ಬೆನ್ನು ತಟ್ಟಿದ. ನಾನು ಹಲ್ಲು ಕಿರಿದೆ. ನೆನೆಸಿಕೊಂಡರೆ ಆ ಹಲ್ಲನ್ನು ನಾನೇ ಉದುರಿಸಿಕೊಳ್ಳಬೇಕು ಅನ್ನಿಸುತ್ತದೆ.

ಸೋಮವಾರ ಬೆಳಿಗ್ಗೆ ಮಷೀನು ಕಂಟ್ರಾಕ್ಟರನ ಬಾಮೈದನ ಹೆಗಲಲ್ಲಿತ್ತು. ಮೂವತ್ತು ದಾಟಿದ ಆಳು, ಎಲ್ಲಿಯೂ ಕೆಲಸಕ್ಕೆ ನಿಲ್ಲದೆ ಅಕ್ಕನ ಮನೆಯಲ್ಲಿ ಉಂಡುಕೊಂಡು ಇದ್ದವ. ಚಾಚಾಗೆ ಕಂಟ್ರಾಕ್ಟರ್ ಹೇಳಿದ್ದು ಇಷ್ಟೇ: "ನಿನಗ ವಯಸ್ಸಾತು ಮಾಮೂ, ಆರಾಮಿರು." ಉಳುವ ಎತ್ತನ್ನು ಕಟುಕನಿಗೆ ಕೊಡುವವರೂ ಒಂದು ಹಿಡಿ ಹಿಂಡಿ ತಿನ್ನಿಸಿ ಕೊಡುತ್ತಾರೆ. ಚಾಚಾ ನನ್ನನ್ನು ಬೈಯಲಿಲ್ಲ. ನನ್ನ ಹೆಗಲಿನಿಂದ ತಮ್ಮ ಕೀ ಇಳಿಸಿಕೊಂಡು ಹರಿಹರದ ಬಸ್ ಸ್ಟ್ಯಾಂಡಿನ ಕಡೆಗೆ ಹೋದರು. ಬೈದಿದ್ದರೆ ಒಳ್ಳೆಯದಿತ್ತು.

ಮುಂದಿನ ಮೂರು ವಾರ ನಾನು ಆ ಬಾಮೈದನ ಹಿಂದೆ ಗುದ್ದಲಿ ಹೊತ್ತು ನಡೆದೆ. ಅವನು ಹಾಡು ಗುನುಗುತ್ತ ಚಕ್ರ ಆಡಿಸುತ್ತಿದ್ದ. ಅವನ ಮೊಣಕೈ ನಾನು ಅಂಟಿಸಿದ ಸ್ಪಂಜಿನ ಮೇಲೆ ಆರಾಮಾಗಿ ಕೂತಿರುತ್ತಿತ್ತು. ಒಂದು ಸಂಜೆ ಮಂಡಿಪೇಟೆಗೆ ಹೋದೆ. ಚಾಚಾ ಒಂದು ಕಾಳಿನ ಅಂಗಡಿಯ ಮುಂದೆ ಹರೆಯದ ಹಮಾಲರ ಜೊತೆ ನಿಂತಿದ್ದರು. ಲಾರಿ ಬಂತು, ಹರೆಯದವರೆಲ್ಲ ಓಡಿದರು. ಚಾಚಾನೂ ಓಡಿದರು, ಯಾರೋ ಮೊಣಕೈಯಲ್ಲಿ ತಳ್ಳಿ ಪಕ್ಕಕ್ಕೆ ಸರಿಸಿದರು. ನಾನು ಎದುರಿಗೆ ಹೋಗುವ ಧೈರ್ಯ ಮಾಡದೆ ಅಲ್ಲಿಂದಲೇ ತಿರುಗಿದೆ.

ಮಾರನೆಯ ದಿನ ಮಧ್ಯಾಹ್ನ ಬಾಮೈದ ಊಟಕ್ಕೆ ಹೋದಾಗ ಸ್ಕ್ರೂಡ್ರೈವರ್ ತಗೊಂಡು ಕೂತೆ. ಪಟ್ಟಿ ಬಿಚ್ಚಿದೆ. ಮೊಣಕೈಯ ಪಿವಿಸಿ ಕಿತ್ತೆ. ಹಿಂದಿನ ಪೈಪು ಕಳಚಿ, ಎಂಟೂ ಸೆಲ್ಲು ಮೊದಲಿದ್ದ ಮುಂದಿನ ಡಬ್ಬಿಗೇ ತುಂಬಿದೆ. ಹಿಡಿಯನ್ನು ಹಿಂದಕ್ಕೆ ಒಯ್ದೆ, ಕೋಲನ್ನು ಉದ್ದಕ್ಕೆ ಎಳೆದೆ. ಮಾಡುವಾಗ ಒಂದು ಭಾನುವಾರ ಪೂರ್ತಿ ಹಿಡಿದಿತ್ತು, ಕೆಡಿಸಲು ಮುಕ್ಕಾಲು ಗಂಟೆ ಸಾಕಾಯಿತು. ನನ್ನ ಕೈಯಾರೆ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸವನ್ನು ನಾನೇ ಬಿಚ್ಚಿ ಹಾಕುವಾಗ ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ಬೈಗುಳ ಬಂತು.

ಕಂಟ್ರಾಕ್ಟರಿಗೆ, "ವೈರು ಕಾಯಾಕ ಹತ್ತಿತ್ರಿ, ಮಷೀನು ಸುಟ್ಟು ಹೋದೀತು ಅಂತ ಮೊದಲಿನಂಗೆ ಮಾಡೀನ್ರಿ," ಎಂದೆ. ಸುಳ್ಳು. ಆದರೆ ಕೆಟ್ಟರೆ ನಿನ್ನ ತಲೆಯ ಮೇಲೆ ಎಂದವನು ಅವನೇ; ಏನು ಹೇಳಿಯಾನು?

ಬಾಮೈದ ಮೂರು ದಿನ ತಡೆದ. ನಾಲ್ಕನೇ ದಿನ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಅಕ್ಕನ ಮನೆ ಸೇರಿದ. ಇನ್ನೊಬ್ಬ ಬಂದ, ಒಂದೇ ದಿನಕ್ಕೆ ಹೋದ. ಆ ವಾರ ಊರೊಳಗೆ ಪೈಪು ಒಡೆದು ವಾಲ್ವು ಸಿಗದೆ ರಸ್ತೆಯೆಲ್ಲ ನೀರಾಯಿತು. ಕಂಟ್ರಾಕ್ಟರ್ ತಲೆ ಚಚ್ಚಿಕೊಂಡು ಅಂದ, "ಆ ದರಿದ್ರ ಮಷೀನು ಹಿಡಿಯೋನು ಆ ಮುದುಕ ಒಬ್ನೇ. ಕರ್ಕೊಂಬಾ ಹೋಗು."

ಹೋಗಿ ಕರೆದೆ. ಏನು ಮಾಡಿದ್ದೇನೆ ಎಂದು ಹೇಳಲಿಲ್ಲ. ಚಾಚಾ ಕೀಯನ್ನು ಹೆಗಲಿಗೇರಿಸಿಕೊಂಡು ಬಂದರು.

ಮರುದಿನ ಬೆಳಿಗ್ಗೆ ಶೆಡ್ಡಿನ ಮುಂದೆ ಅವರು ಮಷೀನು ಎತ್ತಿದರು. ಚಕ್ರ ಧಪ್ಪನೆ ನೆಲಕ್ಕೆ ಮೂತಿ ಇಟ್ಟಿತು. ಅವರಿಗೆ ಅಷ್ಟರಲ್ಲೇ ಎಲ್ಲ ತಿಳಿಯಿತು.

"ನೀನೇ ಏನು?" ಎಂದು ಕೇಳಿದರು.

"ಹೂಂ ಚಾಚಾ." ಮುಖ ನೋಡಲು ಆಗಲಿಲ್ಲ. "ಊರ ಹೊರಗ ಹೋದ ಮ್ಯಾಲೆ ಯಾರೂ ನೋಡದಂಗೆ ಪಟ್ಟಿ ಹಾಕ್ಕೊಡ್ತೀನ್ರಿ, ತಂದೀನಿ," ಅಂದೆ.

"ಬ್ಯಾಡ. ಯಾರಾರಾ ನೋಡ್ತಾರ." ಅವರು ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಚಕ್ರವನ್ನು ನಾಲ್ಕು ಬೆರಳು ಮೇಲೆತ್ತಿದರು. "ಚಲೋ ಕೆಲಸ ಮಾಡ್ದಿ ಬೇಟಾ. ಇನ್ನೊಂದ್ ಸಲ ಹಗುರ ಮಾಡಾಕ ಹೋಗಬ್ಯಾಡ."

ಗುತ್ತೂರಿನ ಕಡೆಗೆ ಹೊರಟೆವು. ನಾನು ಕೀ, ಗುದ್ದಲಿ ಎರಡನ್ನೂ ಹೊತ್ತು ಅವರ ಹಿಂದೆ ನಡೆದೆ. ಎರಡು ಫರ್ಲಾಂಗು ದಾಟುವ ಮೊದಲೇ ಅವರ ಬಲಗೈ ನಡುಗತೊಡಗಿತು.