ಹೊನ್ನೂರಪ್ಪ ಕೊಡಿಸಿದ ರಕ್ತ

ಬಂಡ್ರಿಯ ಹೊನ್ನೂರಪ್ಪ ತನ್ನ ಲಾರಿಯನ್ನು ಜೋಪಾನ ಮಾಡುವುದನ್ನು ಕಂಡರೆ ಹೆತ್ತ ತಾಯಿಯೂ ನಾಚಬೇಕು. ಬೆಳಿಗ್ಗೆ ಎದ್ದವನೇ ಇಂಜಿನ್ ಆಯಿಲ್ ನೋಡುತ್ತಿದ್ದ, ಟೈರಿಗೆ ಒದ್ದು ಗಾಳಿ ಪರೀಕ್ಷಿಸುತ್ತಿದ್ದ, ಅಮಾವಾಸ್ಯೆಗೆ ತಪ್ಪದೆ ನಿಂಬೆಹಣ್ಣು ಕಟ್ಟುತ್ತಿದ್ದ. ತನ್ನ ಮೈಯ ಮಾತು ಬಂದರೆ ಮಾತ್ರ, "ನಂಗೇನಾಗೇತಿ? ಗುಂಡುಕಲ್ಲು ಇದ್ದಂಗ ಅದೀನಿ" ಎಂದು ಮೀಸೆ ತಿರುವುತ್ತಿದ್ದ. ಸಂಡೂರಿನ ಅದಿರು ತುಂಬಿಕೊಂಡು ವಾರಗಟ್ಟಲೆ ಬಂದರಿನ ದಾರಿಯಲ್ಲಿರುತ್ತಿದ್ದವನು ಎಲ್ಲೆಲ್ಲಿ ಇಳಿದು ಯಾರ್‍ಯಾರ ಮನೆಯಲ್ಲಿ ತಂಗುತ್ತಿದ್ದ ಎಂಬುದು ಅವನ ಲಾರಿಗೂ ಗೊತ್ತಿತ್ತು, ಹೆಂಡತಿ ಗಾಳೆಮ್ಮನಿಗೂ ಗೊತ್ತಿತ್ತು.

2007ರಲ್ಲಿ ಪಕ್ಕದ ಮನೆಯ ಡ್ರೈವರ್ ಎಚ್‌ಐವಿಯನ್ನು ಮುಚ್ಚಿಟ್ಟುಕೊಂಡು, ಮದ್ದು ಮಾಡಿಸಿಕೊಳ್ಳದೆ ಸತ್ತ. ಗಾಳೆಮ್ಮ ಆವತ್ತೇ ಬಾಗಿಲಿಗೆ ಅಡ್ಡ ನಿಂತಳು.

"ರಕ್ತ ತೋರಿಸಿ ಚೀಟಿ ತಂದ್ರ ಒಳಗ ಬಾ. ಅಲ್ಲಿತನ ಲಾರ್‍ಯಾಗ ಮಲಕ್ಕ."

ಹನ್ನೊಂದು ದಿನ ಲಾರಿಯಲ್ಲಿ ಮಲಗಿ ಸೊಂಟ ಹಿಡಿದ ಮೇಲೆ ಹೊನ್ನೂರಪ್ಪನಿಗೆ ಬುದ್ಧಿ ಬಂತು. ಬಂದದ್ದು ನೆಟ್ಟಗಿನ ಬುದ್ಧಿಯಲ್ಲ. ಆ ಕಾಲದಲ್ಲಿ ಒಂದೇ ಪರ್ಮಿಟ್ ತೋರಿಸಿ ನಾಲ್ಕು ಲೋಡು ದಾಟಿಸುವವರಿದ್ದರು. ಅದಿರಿಗೆ ನಡೆದದ್ದು ರಕ್ತಕ್ಕೇಕೆ ನಡೆಯಬಾರದು?

ಜೊತೆಯ ಡ್ರೈವರ್ ಮೂಕಣ್ಣ ಇದಕ್ಕೆ ಹೇಳಿ ಮಾಡಿಸಿದ ಮನುಷ್ಯ. ಬೀಡಿ ಸೇದುವವನಲ್ಲ, ಕುಡಿಯುವವನಲ್ಲ. ಹಣೆ ತುಂಬ ವಿಭೂತಿ, ಸೋಮವಾರ ಉಪವಾಸ. ಅಂಥವನ ರಕ್ತ ತೀರ್ಥದಷ್ಟು ಶುದ್ಧವೆಂದು ಹೊನ್ನೂರಪ್ಪ ತೀರ್ಮಾನಿಸಿದ. ಹೊಸಪೇಟೆಯ ಲಾರಿ ಸ್ಟ್ಯಾಂಡಿನಲ್ಲಿ ರಕ್ತಪರೀಕ್ಷೆಯ ಕ್ಯಾಂಪ್ ನಡೆದಾಗ ಮೂಕಣ್ಣ ದೋಸ್ತಿಗೆ ಕಟ್ಟುಬಿದ್ದು, ಹೊನ್ನೂರಪ್ಪನ ಹೆಸರು ಹೇಳಿ ತೋಳು ಚಾಚಿ ಬಂದ. ರಕ್ತ ತೆಗೆದವರು ಬೇರೆ, ಚೀಟಿ ಕೊಡುವವರು ಬೇರೆ. ಸಂಜೆ ಚೀಟಿಗೆ ಹೊನ್ನೂರಪ್ಪ ತಾನೇ ಒಳಗೆ ಹೋದ.

ಆಪ್ತಸಲಹೆಗಾರ್ತಿ ಶಾಂಭವಿ ಬಾಗಿಲು ಮುಚ್ಚಿದಳು.

"ಕುಂದ್ರಿ ಅಣ್ಣಾರ. ಮೂರು ಸಲ ನೋಡೇವಿ. ನಿಮ್ಮ ರಕ್ತದಾಗ ಎಚ್‌ಐವಿ ಐತಿ. ಹೆದರಬ್ಯಾಡ್ರಿ, ಸರ್ಕಾರದ ಮಾತ್ರೆ ಪುಗಸಟ್ಟೆ ಸಿಗತಾವ. ಬಿಡದಂಗ ನುಂಗಿದ್ರ ಭಾಳ ವರ್ಷ ಬಾಳ್ತೀರಿ, ಲಾರಿನೂ ಹೊಡೀತೀರಿ."

"ಇದು ನನ್ನ ರಕ್ತ ಅಲ್ರಿ!"

"ಮೊದ್ಲು ಎಲ್ಲಾರೂ ಹಿಂಗ ಅಂತಾರ್ರಿ."

"ಖರೇನ ನಂದಲ್ರಿ, ಮೇಡಮ್ಮಾರ!"

ಹೇಳುವಾಗ ಅವನ ಎದೆಯಲ್ಲಿ ಮೊದಲು ಎದ್ದದ್ದು ಸಂತೋಷ. ನಾಚಿಕೆಗೇಡಿನ ಮಾತು, ಆದರೆ ನಿಜ. ಮರುಗಳಿಗೆಯಲ್ಲೇ ಮೂಕಣ್ಣನ ಮುಖ ಕಣ್ಣ ಮುಂದೆ ಬಂತು. ವಿಭೂತಿಯವನ ಕಥೆಯೇ ಹೀಗಾದರೆ ತನ್ನದೇನು? ಒಂದನ್ನೂ ಬಿಡದೆ ಒಪ್ಪಿಕೊಂಡ.

ಶಾಂಭವಿ ಪೆನ್ನು ಕೆಳಗಿಟ್ಟು ಅವನನ್ನು ದಿಟ್ಟಿಸಿದಳು. "ಹಣಿ ನೋಡಿ ರೋಗ ಹೇಳೋದಿದ್ರ ನಾವ್ಯಾಕ ಸೂಜಿ ಹಿಡ್ಕೊಂಡು ಕುಂದರ್ತಿದ್ವಿ? ಅವ್ರನ್ನ ಕರ್ಕೊಂಡು ಬರ್ರಿ, ವಿಷಯ ನಾನ ಹೇಳ್ತೀನಿ. ನಿಮ್ಮ ತೋಳೂ ಬೇಕು."

ಹೊರಗೆ ಮೂಕಣ್ಣ ಎರಡು ಗ್ಲಾಸು ಚಹಾ ಹಿಡಿದು ಕಾಯುತ್ತಿದ್ದ.

"ಏನಾತಲೇ? ಗಾಳೆಮ್ಮಕ್ಕ ಬಾಗಿಲ ತೆಗೀತಾಳ?"

ಹೊನ್ನೂರಪ್ಪ ಚಹಾ ಮುಟ್ಟಲಿಲ್ಲ. ಗೆಳೆಯನ ಭುಜದ ಮೇಲೆ ಕೈಯಿಟ್ಟ. "ಒಳಗ ಬಾರಲೇ. ನಾನೂ ರಕ್ತ ಕೊಡ್ತೀನಿ, ನೀನೂ ಕೊಡು."

ಮೂಕಣ್ಣ ನಕ್ಕ. "ಯಾಕ, ನಿನ್ನ ಹೆಸರಿಲೆ ಇನ್ನೊಂದು ಸಲ ಕೊಡಬೇಕನು?"

"ಇಲ್ಲಪ್ಪ," ಎಂದ ಹೊನ್ನೂರಪ್ಪ, ಅವನ ಕಣ್ಣು ತಪ್ಪಿಸಿ. "ಈ ಸಲ ನಿನ್ನ ಹೆಸರಿಲೆನ ಕೊಡು."